ಗಂಟಲ ಕ್ಯಾನ್ಸರ್‌ನಲ್ಲಿ ವೈರಾಣು ಸೋಂಕು ಮತ್ತು ಜೀವಕೋಶದ ಪ್ರೋಟೀನುಗಳು

ಗಂಟಲಿನ ನಡುಭಾಗದಲ್ಲಿ, ಅಂದರೆ ಟಾನ್ಸಿಲ್‌ಗಳಲ್ಲಿ ಮತ್ತು ನಾಲಿಗೆಯ ಬುಡದಲ್ಲಿ ಹುಟ್ಟುವ ಕ್ಯಾನ್ಸರ್‌ಗಳ ಒಂದು ದೊಡ್ಡ ಪಾಲಿಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಕಾರಣವಾಗಿದೆ. ಎಚ್‌ಪಿವಿ ಎಂಬ ಸಂಕ್ಷಿಪ್ತ ನಾಮದಿಂದ ಪರಿಚಿತವಾದ ಈ ವೈರಾಣು ಇ6 ಮತ್ತು ಇ7 ಎಂಬ ತನ್ನ ಎರಡು ಪ್ರೋಟೀನುಗಳ ಮೂಲಕ ಮಾನವ ಜೀವಕೋಶದ ಕಾವಲು ಪ್ರೋಟೀನುಗಳಾದ ಪಿ53 ಮತ್ತು ಆರ್‌ಬಿಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಇದರ ಪರಿಣಾಮವಾಗಿ ಕೋಶದಲ್ಲಿ ಪಿ16 ಎಂಬ ಮತ್ತೊಂದು ಪ್ರೋಟೀನು ಅತಿಯಾಗಿ ಶೇಖರಗೊಳ್ಳುತ್ತದೆ. ಈ ಪಿ16 ಇಂದು ರೋಗವನ್ನು ಗುರುತಿಸುವ ಮುಖ್ಯ ಸಾಧನವಾಗಿದೆ. ತಂಬಾಕು ಮತ್ತು ಮದ್ಯದಿಂದ ಬರುವ ಗಂಟಲ ಕ್ಯಾನ್ಸರ್‌ಗೂ ವೈರಾಣುವಿನಿಂದ ಬರುವ ಗಂಟಲ ಕ್ಯಾನ್ಸರ್‌ಗೂ ಹುಟ್ಟು, ನಡವಳಿಕೆ, ಗುಣವಾಗುವ ಸಾಧ್ಯತೆ ಎಲ್ಲವೂ ಬೇರೆ ಬೇರೆಯಾಗಿವೆ. ಆದ್ದರಿಂದ ವೈದ್ಯಶಾಸ್ತ್ರವು ಇವೆರಡನ್ನೂ ಪ್ರತ್ಯೇಕ ರೋಗಗಳೆಂದೇ ಪರಿಗಣಿಸುತ್ತದೆ.

ಗಂಟಲಿನ ಭಾಗಗಳು

ಕನ್ನಡದಲ್ಲಿ ‘ಗಂಟಲು’ ಎಂಬ ಮಾತು ಬಹಳ ವಿಶಾಲವಾದುದು. ತುತ್ತು ಸಿಕ್ಕಿಕೊಳ್ಳುವುದೂ ಗಂಟಲಲ್ಲಿ, ಸ್ವರ ಒಡೆಯುವುದೂ ಗಂಟಲಲ್ಲಿ. ಆದರೆ ಈ ವಿಷಯವನ್ನು ತಿಳಿಯಬೇಕಾದರೆ ಗಂಟಲಿನ ಭಾಗಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಮೂಗಿನ ಹಿಂಬದಿಯಲ್ಲಿರುವುದು ನಾಸಾಗಂಟಲು. ಬಾಯಿ ತೆರೆದಾಗ ಹಿಂದೆ ಕಾಣುವ, ಎರಡು ಬದಿಗಳಲ್ಲಿ ಟಾನ್ಸಿಲ್‌ಗಳಿರುವ ಭಾಗ ನಡುಗಂಟಲು. ಮೃದು ಅಂಗುಳು, ಕಿರುನಾಲಿಗೆ ಮತ್ತು ನಾಲಿಗೆಯ ಹಿಂದಿನ ಮೂರನೆಯ ಒಂದು ಪಾಲು ಇದಕ್ಕೆ ಸೇರುತ್ತವೆ. ಅದರ ಕೆಳಗೆ ಅನ್ನನಾಳದ ಬಾಯಿಗೆ ಕೊಂಡೊಯ್ಯುವ ಕೆಳಗಂಟಲಿದೆ. ಅದರ ಮುಂಬದಿಯಲ್ಲಿ ಧ್ವನಿಪೆಟ್ಟಿಗೆ ಇದೆ.

ಈ ಎಲ್ಲ ಭಾಗಗಳ ಒಳಮೈಯನ್ನು ಲೋಳೆಪೊರೆ ಆವರಿಸಿದೆ. ಇಲ್ಲಿ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಆ ಪೊರೆಯ ಚಪ್ಪಟೆ ಕೋಶಗಳಿಂದಲೇ ಆರಂಭವಾಗುತ್ತವೆ. ಆದರೆ ಕಾರಣಗಳು ಒಂದೇ ಅಲ್ಲ. ಧ್ವನಿಪೆಟ್ಟಿಗೆ ಮತ್ತು ಕೆಳಗಂಟಲಿನ ಕ್ಯಾನ್ಸರ್‌ಗೆ ಮುಖ್ಯ ಕಾರಣ ಧೂಮಪಾನ ಮತ್ತು ಮದ್ಯಪಾನ. ನಾಸಾಗಂಟಲಿನ ಕ್ಯಾನ್ಸರ್‌ನ ಬೆನ್ನಿಗಿರುವುದು ಎಪ್‌ಸ್ಟೈನ್–ಬಾರ್ ವೈರಸ್. ಎಚ್‌ಪಿವಿಯ ಪ್ರಭಾವ ಕಂಡುಬರುವುದು ಬಹುಮಟ್ಟಿಗೆ ನಡುಗಂಟಲಿನಲ್ಲಿ, ಅದರಲ್ಲಿಯೂ ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ. ಪತ್ರಿಕೆಗಳಲ್ಲಿ ‘ಗಂಟಲ ಕ್ಯಾನ್ಸರ್‌ಗೆ ವೈರಸ್ ಕಾರಣ’ ಎಂದು ಒಟ್ಟಾರೆಯಾಗಿ ಬರೆಯುವಾಗ ಈ ವ್ಯತ್ಯಾಸ ಮರೆಯಾಗುತ್ತದೆ.

ವೈರಾಣುವಿನ ಸ್ವರೂಪ

ಎಚ್‌ಪಿವಿ ಅತಿ ಸಣ್ಣ ಡಿಎನ್‌ಎ ವೈರಾಣು. ಅದರ ವ್ಯಾಸ ಸುಮಾರು 55 ನ್ಯಾನೊಮೀಟರ್. ಬಳೆಯಂತೆ ದುಂಡಾಗಿರುವ ಅದರ ಜೋಡಿಎಳೆಯ ಡಿಎನ್‌ಎಯಲ್ಲಿ ಸುಮಾರು 8,000 ಅಕ್ಷರಜೋಡಿಗಳಿವೆ. ಮಾನವನ ವಂಶವಾಹಿ ಸಂಪುಟದಲ್ಲಿ ಇಂಥ ಜೋಡಿಗಳು ಸುಮಾರು 300 ಕೋಟಿ ಇವೆ ಎಂಬುದನ್ನು ನೆನೆದರೆ ಈ ವೈರಾಣುವಿನ ಬಂಡವಾಳ ಎಷ್ಟು ಕಿರಿದೆಂಬುದು ತಿಳಿಯುತ್ತದೆ. ಎಲ್1 ಮತ್ತು ಎಲ್2 ಎಂಬ ಪ್ರೋಟೀನುಗಳು ಅದರ ಹೊರಕವಚವನ್ನು ಕಟ್ಟುತ್ತವೆ. ಇ1, ಇ2, ಇ4, ಇ5, ಇ6, ಇ7 ಎಂಬವು ಸೋಂಕಿನ ಕಾರ್ಯಭಾರವನ್ನು ನಡೆಸುತ್ತವೆ.

ಈ ವೈರಾಣುವಿನ 200ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಅನೇಕವು ಕೈಕಾಲುಗಳ ಮೇಲೆ ನರಹುಲಿ ಎಬ್ಬಿಸುವುದಕ್ಕಿಂತ ಹೆಚ್ಚಿನ ಕೇಡನ್ನು ಮಾಡುವುದಿಲ್ಲ. 6 ಮತ್ತು 11ನೆಯ ಬಗೆಗಳು ಧ್ವನಿಪೆಟ್ಟಿಗೆಯಲ್ಲಿ ಮರುಕಳಿಸುವ ಗಂಟುಗಳನ್ನು ಉಂಟುಮಾಡುತ್ತವೆ. ಅವು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲವಾದರೂ ಚಿಕ್ಕ ಮಕ್ಕಳಲ್ಲಿ ಉಸಿರಾಟಕ್ಕೆ ತೊಡಕಾಗುತ್ತವೆ. ಕ್ಯಾನ್ಸರ್‌ಗೆ ದಾರಿಮಾಡುವ ಅಪಾಯಕಾರಿ ಬಗೆಗಳಲ್ಲಿ 16 ಮತ್ತು 18 ಮುಖ್ಯವಾದವು. ನಡುಗಂಟಲಿನ ಎಚ್‌ಪಿವಿ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 90ರಷ್ಟು 16ನೆಯ ಬಗೆಯಿಂದಲೇ ಆಗುತ್ತವೆ.

ಎಚ್‌ಪಿವಿ ಹರಡುವುದು ಚರ್ಮ ಮತ್ತು ಲೋಳೆಪೊರೆಗಳ ನಿಕಟ ಸಂಪರ್ಕದಿಂದ. ಗಂಟಲಿಗೆ ಅದು ತಲಪುವ ಮುಖ್ಯ ಮಾರ್ಗ ಮುಖಮೈಥುನ. ಆದರೆ ಸೋಂಕು ತಗಲಿದವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಹೆಚ್ಚಿನವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಒಂದೆರಡು ವರ್ಷಗಳಲ್ಲಿ ವೈರಾಣುವನ್ನು ತೊಡೆದುಹಾಕುತ್ತದೆ, ಸೋಂಕು ಬಂದುಹೋದದ್ದು ಅವರಿಗೆ ತಿಳಿಯುವುದೂ ಇಲ್ಲ. ಎಲ್ಲೋ ಕೆಲವರಲ್ಲಿ ಅದು ಉಳಿದುಕೊಂಡು ದಶಕಗಳ ನಂತರ ಕ್ಯಾನ್ಸರ್ ಆಗಿ ತಲೆಯೆತ್ತುತ್ತದೆ. ಐವತ್ತರ ವಯಸ್ಸಿನಲ್ಲಿ ಪತ್ತೆಯಾದ ರೋಗದ ಸೋಂಕು ಯೌವನದಲ್ಲಿ ತಗಲಿದ್ದಿರಬಹುದು. ಈ ಕಾರಣದಿಂದ ರೋಗ ಪತ್ತೆಯಾದಾಗ ಅದನ್ನು ದಾಂಪತ್ಯ ನಿಷ್ಠೆಯ ಪ್ರಶ್ನೆಯಾಗಿ ಮಾಡಿಕೊಳ್ಳುವುದಕ್ಕೆ ವೈದ್ಯಕೀಯವಾದ ಆಧಾರವಿಲ್ಲ.

ಕೋಶದ ಕಾವಲು ಪ್ರೋಟೀನುಗಳು

ದೇಹದ ಕೋಶವೊಂದು ಎರಡಾಗಿ ಒಡೆಯುವ ಮುನ್ನ ತನ್ನ ಡಿಎನ್‌ಎಯ ಪ್ರತಿಯನ್ನು ಮಾಡಿಕೊಳ್ಳಬೇಕು. ಈ ಕೆಲಸ ಯಾವಾಗ ಆರಂಭವಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನಿರ್ಧರಿಸುವ ಹಲವಾರು ಪ್ರೋಟೀನುಗಳು ಕೋಶದಲ್ಲಿವೆ. ಈ ಲೇಖನಕ್ಕೆ ಸಂಬಂಧಿಸಿದವು ಮೂರು.

ಮೊದಲನೆಯದು ಆರ್‌ಬಿ. ರೆಟಿನೊಬ್ಲಾಸ್ಟೋಮಾ ಎಂಬ, ಮಕ್ಕಳ ಕಣ್ಣಿನ ಕ್ಯಾನ್ಸರ್‌ನಿಂದ ಇದಕ್ಕೆ ಈ ಹೆಸರು ಬಂದಿದೆ. ಅಮೆರಿಕದ ಆಲ್ಫ್ರೆಡ್ ನುಡ್ಸನ್ 1971ರಲ್ಲಿ ಆ ರೋಗದ ಲೆಕ್ಕಾಚಾರಗಳಿಂದಲೇ, ಒಂದು ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಾಗ ಕ್ಯಾನ್ಸರ್ ಉಂಟಾಗುತ್ತದೆ ಎಂದು ಊಹಿಸಿದರು. 13ನೆಯ ವರ್ಣತಂತುವಿನಲ್ಲಿರುವ ಆ ವಂಶವಾಹಿಯನ್ನು 1986ರಲ್ಲಿ ಪ್ರತ್ಯೇಕಿಸಲಾಯಿತು. ಆರ್‌ಬಿ ಪ್ರೋಟೀನು ಇ2ಎಫ್ ಎಂಬ ಪ್ರೋಟೀನುಗಳ ಗುಂಪನ್ನು ಹಿಡಿದಿಟ್ಟುಕೊಂಡಿರುತ್ತದೆ. ಇ2ಎಫ್ ಬಿಡುಗಡೆಯಾದರೆ ಡಿಎನ್‌ಎ ಪ್ರತಿ ಮಾಡುವ ಕಾರ್ಯ ಆರಂಭವಾಗುತ್ತದೆ. ಇಲ್ಲಿ ವೈರಾಣುವಿನ ಇ2 ಬೇರೆ, ಕೋಶದ ಇ2ಎಫ್ ಬೇರೆ ಎಂಬುದನ್ನು ಗಮನಿಸಬೇಕು.

ಎರಡನೆಯದು ಪಿ53. ಇದನ್ನು 1979ರಲ್ಲಿ ಕೆಲವು ಸಂಶೋಧಕರ ತಂಡಗಳು ಸ್ವತಂತ್ರವಾಗಿ ಕಂಡುಹಿಡಿದವು. ಇಂಗ್ಲೆಂಡಿನಲ್ಲಿ ಡೇವಿಡ್ ಲೇನ್ ಮತ್ತು ಲಿಯೋನೆಲ್ ಕ್ರಾಫರ್ಡ್, ಅಮೆರಿಕದಲ್ಲಿ ಆರ್ನಾಲ್ಡ್ ಲೆವಿನ್ ಅವರು ಅವರಲ್ಲಿ ಪ್ರಮುಖರು. ಮಂಗಗಳ ಎಸ್‌ವಿ40 ಎಂಬ ವೈರಾಣುವಿನ ಪ್ರೋಟೀನಿಗೆ ಅಂಟಿಕೊಂಡ ಸ್ಥಿತಿಯಲ್ಲಿ ಅದು ದೊರೆಯಿತು. ಹೀಗೆ, ವೈರಾಣುವಿನ ಮೂಲಕವೇ ಕೋಶದ ಕಾವಲುಗಾರನ ಪರಿಚಯವಾಯಿತು. ತೂಕ 53 ಕಿಲೋಡಾಲ್ಟನ್ ಎಂದು ತೋರಿದ್ದರಿಂದ ಆ ಹೆಸರಿಟ್ಟರು. ನಿಜವಾದ ತೂಕ ಸುಮಾರು 44 ಎಂದು ಆಮೇಲೆ ತಿಳಿದರೂ ಹೆಸರು ಬದಲಾಗಲಿಲ್ಲ. ಹತ್ತು ವರ್ಷಗಳ ಕಾಲ ಅದನ್ನು ಕ್ಯಾನ್ಸರ್ ಹುಟ್ಟಿಸುವ ಪ್ರೋಟೀನು ಎಂದೇ ಭಾವಿಸಲಾಗಿತ್ತು. ಪ್ರಯೋಗಗಳಲ್ಲಿ ಬಳಸಿದ್ದ ಪಿ53 ಕೆಟ್ಟುಹೋದ ರೂಪದ್ದಾಗಿತ್ತು, ಸರಿಯಾದ ರೂಪವು ಕ್ಯಾನ್ಸರನ್ನು ತಡೆಯುತ್ತದೆ ಎಂಬುದು 1989ರಲ್ಲಿ ಸ್ಪಷ್ಟವಾಯಿತು. ಡಿಎನ್‌ಎಗೆ ಹಾನಿಯಾದಾಗ ಪಿ53 ಕೋಶದ ವಿಭಜನೆಯನ್ನು ತಡೆದು ರಿಪೇರಿಗೆ ಅವಕಾಶ ಕೊಡುತ್ತದೆ. ಹಾನಿ ಸರಿಪಡಿಸಲಾಗದಷ್ಟಿದ್ದರೆ ಕೋಶವೇ ಸಾಯುವಂತೆ ಮಾಡುತ್ತದೆ. ಮನುಷ್ಯನ ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚು ಬಾರಿ ಕೆಟ್ಟಿರುವುದು ಕಂಡುಬರುವ ವಂಶವಾಹಿ ಇದರದೇ.

ಮೂರನೆಯದು ಪಿ16. ಇದರ ವಂಶವಾಹಿ 9ನೆಯ ವರ್ಣತಂತುವಿನಲ್ಲಿದೆ. ಆರ್‌ಬಿಯ ಹಿಡಿತವನ್ನು ಸಡಿಲಿಸುವ ಕಿಣ್ವಗಳನ್ನು ಇದು ತಡೆಯುತ್ತದೆ. ಅಂದರೆ ಪಿ16 ಆರ್‌ಬಿಯ ಸಹಾಯಕ. ಆರ್‌ಬಿ ಸರಿಯಾಗಿ ಕೆಲಸ ಮಾಡುತ್ತಿರುವವರೆಗೆ ಕೋಶವು ಪಿ16 ಅನ್ನು ಅಲ್ಪ ಪ್ರಮಾಣದಲ್ಲಿ ಮಾತ್ರ ತಯಾರಿಸುತ್ತದೆ.

ಇ6 ಮತ್ತು ಇ7 ಮಾಡುವ ಕೆಲಸ

ವೈರಾಣುವಿಗೆ ಡಿಎನ್‌ಎಯನ್ನು ಪ್ರತಿ ಮಾಡುವ ಸ್ವಂತ ಕಿಣ್ವವಿಲ್ಲ. ಅದು ಕೋಶದ ಯಂತ್ರೋಪಕರಣಗಳನ್ನೇ ಅವಲಂಬಿಸಬೇಕು. ಲೋಳೆಪೊರೆಯ ತಳದಲ್ಲಿರುವ ಕೋಶಗಳು ಮಾತ್ರ ವಿಭಜನೆಗೊಳ್ಳುತ್ತವೆ. ಮೇಲಕ್ಕೆ ಸರಿದಂತೆ ಅವು ವಿಭಜನೆಯನ್ನು ನಿಲ್ಲಿಸಿ, ಬಲಿತು, ಕೊನೆಗೆ ಉದುರಿಹೋಗುತ್ತವೆ. ವೈರಾಣು ತಳದ ಕೋಶವನ್ನು ಹೊಕ್ಕು, ಆ ಕೋಶ ಮೇಲಕ್ಕೆ ಸರಿದಾಗ ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಆದರೆ ಆ ಹೊತ್ತಿಗೆ ಕೋಶದ ಪ್ರತಿ ಮಾಡುವ ಕಾರ್ಖಾನೆ ಬಾಗಿಲು ಹಾಕಿರುತ್ತದೆ. ಅದನ್ನು ಮತ್ತೆ ತೆರೆಸುವುದೇ ಇ7ರ ಕೆಲಸ. ಇ7 ಆರ್‌ಬಿಗೆ ಅಂಟಿಕೊಂಡು ಅದನ್ನು ನಾಶದತ್ತ ತಳ್ಳುತ್ತದೆ. ಹಿಡಿತ ತಪ್ಪಿದ ಇ2ಎಫ್ ಕೋಶವನ್ನು ಪುನಃ ವಿಭಜನೆಯ ಹಾದಿಗೆ ತರುತ್ತದೆ. ಇ7 ಆರ್‌ಬಿಗೆ ಅಂಟಿಕೊಳ್ಳುವುದನ್ನು 1989ರಲ್ಲಿ ತೋರಿಸಲಾಯಿತು.

ಅಕಾಲದಲ್ಲಿ ಹೀಗೆ ಆರಂಭವಾದ ವಿಭಜನೆಯು ಪಿ53ನ ಗಮನಕ್ಕೆ ಬಾರದೆ ಇರುವುದಿಲ್ಲ. ಏನೋ ತಪ್ಪಾಗಿದೆ ಎಂದು ಗ್ರಹಿಸಿದ ಪಿ53 ಕೋಶವನ್ನು ಸಾವಿನತ್ತ ಒಯ್ಯಬೇಕು. ಕೋಶ ಸತ್ತರೆ ವೈರಾಣುವಿನ ಉದ್ದೇಶವೂ ಕೆಡುತ್ತದೆ. ಇ6ರ ಅವಶ್ಯಕತೆ ಇರುವುದು ಇಲ್ಲಿ. ಇ6 ಸ್ವತಃ ಪಿ53 ಅನ್ನು ಕತ್ತರಿಸುವುದಿಲ್ಲ. ಕೋಶದಲ್ಲೇ ಇರುವ ಇ6ಎಪಿ ಎಂಬ ಕಿಣ್ವವನ್ನು ಜತೆಗೂಡಿಸಿಕೊಂಡು ಪಿ53ಗೆ ಯುಬಿಕ್ವಿಟಿನ್ ಎಂಬ ಗುರುತುಪಟ್ಟಿಯನ್ನು ಅಂಟಿಸುತ್ತದೆ. ಆ ಗುರುತು ಬಿದ್ದ ಪ್ರೋಟೀನುಗಳನ್ನು ಕೋಶದ ಕಸ ವಿಲೇವಾರಿ ವ್ಯವಸ್ಥೆಯಾದ ಪ್ರೋಟಿಯಾಸೋಮ್ ಚೂರುಚೂರು ಮಾಡುತ್ತದೆ. ಹೀಗೆ ಕೋಶದ ಕಾವಲುಗಾರನನ್ನು ಕೋಶದ ಕೈಯಿಂದಲೇ ಮುಗಿಸಲಾಗುತ್ತದೆ. ಪೀಟರ್ ಹೌಲಿ ಅವರ ಪ್ರಯೋಗಾಲಯದಲ್ಲಿ 1990ರ ಸುಮಾರಿಗೆ ಈ ಮಾರ್ಗ ಬೆಳಕಿಗೆ ಬಂದಿತು. ಇ6ಎಪಿ ಎಂದರೆ ‘ಇ6ರ ಜತೆಗಾರ ಪ್ರೋಟೀನು’ ಎಂದಷ್ಟೇ ಅರ್ಥ. ವೈರಾಣುವಿನ ಹೆಸರಿನಿಂದ ಕರೆಸಿಕೊಂಡರೂ ಅದು ಅಪ್ಪಟ ಮಾನವ ಪ್ರೋಟೀನು. ತಾಯಿಯಿಂದ ಬರಬೇಕಾದ ಅದರ ವಂಶವಾಹಿ ಇಲ್ಲವಾದಾಗ ಆಂಜೆಲ್‌ಮನ್ ಸಿಂಡ್ರೋಮ್ ಎಂಬ, ಮಕ್ಕಳ ಮಿದುಳಿನ ಬೆಳವಣಿಗೆಯ ತೊಂದರೆ ಉಂಟಾಗುತ್ತದೆ ಎಂಬುದು ಬೇರೆಯೇ ದಿಕ್ಕಿನಿಂದ ತಿಳಿದುಬಂದ ಸಂಗತಿ.

ಇ6 ಇನ್ನೊಂದು ಕೆಲಸವನ್ನೂ ಮಾಡುತ್ತದೆ. ವರ್ಣತಂತುಗಳ ತುದಿಗಳು ಪ್ರತಿ ವಿಭಜನೆಯಲ್ಲಿಯೂ ಸವೆಯುತ್ತವೆ. ಈ ಸವೆತವೇ ಕೋಶದ ಆಯುಸ್ಸಿಗೆ ಮಿತಿ ಹಾಕುತ್ತದೆ. ತುದಿಗಳನ್ನು ಮರಳಿ ಬೆಳೆಸುವ ಟೆಲೊಮರೇಸ್ ಕಿಣ್ವವನ್ನು ಇ6 ಎಚ್ಚರಿಸುವುದರಿಂದ ಕೋಶವು ಮುಪ್ಪಿಲ್ಲದೆ ವಿಭಜಿಸುತ್ತಲೇ ಇರಬಲ್ಲದು.

ಕ್ಯಾನ್ಸರ್ ಉಂಟುಮಾಡುವುದು ವೈರಾಣುವಿನ ಗುರಿಯಲ್ಲ. ಕ್ಯಾನ್ಸರ್ ಕೋಶದಲ್ಲಿ ಹೊಸ ವೈರಾಣುಗಳು ಸಾಮಾನ್ಯವಾಗಿ ತಯಾರಾಗುವುದೇ ಇಲ್ಲವಾದ್ದರಿಂದ ಅದು ವೈರಾಣುವಿಗೂ ಕುರುಡು ದಾರಿಯೇ. ಕಾವಲಿಲ್ಲದ ಕೋಶದಲ್ಲಿ ವರ್ಷಗಳುದ್ದಕ್ಕೂ ತಪ್ಪುಗಳು ಜಮೆಯಾಗುತ್ತಾ ಹೋಗಿ ಕೊನೆಗೆ ಗಡ್ಡೆ ಬೆಳೆಯುತ್ತದೆ. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ವೈರಾಣುವಿನ ಡಿಎನ್‌ಎ ಸಾಮಾನ್ಯವಾಗಿ ಮಾನವ ವರ್ಣತಂತುವಿನೊಳಗೆ ಸೇರಿಹೋಗಿರುತ್ತದೆ. ಆಗ ಇ6, ಇ7ಗಳಿಗೆ ಕಡಿವಾಣ ಹಾಕುವ ಇ2 ಪ್ರೋಟೀನಿನ ಭಾಗ ಮುರಿದುಹೋಗುತ್ತದೆ. ಗಂಟಲಿನ ಗಡ್ಡೆಗಳಲ್ಲಿ ಹಲವು ವೇಳೆ ಅದು ಸೇರಿಕೊಳ್ಳದೆ ಪ್ರತ್ಯೇಕ ಉಂಗುರವಾಗಿಯೇ ಉಳಿದಿರುವುದೂ ಕಂಡುಬಂದಿದೆ.

ಈ ವಿಷಯದಲ್ಲಿ ಹೆಲಾ ಕೋಶಗಳ ಸಾಕ್ಷ್ಯ ಗಮನಾರ್ಹ. ಅಮೆರಿಕದ ಬಾಲ್ಟಿಮೋರಿನಲ್ಲಿ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪುಜನಾಂಗದ ಮಹಿಳೆಯ ಗರ್ಭಕೊರಳಿನ ಗಡ್ಡೆಯಿಂದ, ಆಕೆಯ ಅರಿವಿಗೆ ಬಾರದಂತೆ ತೆಗೆದ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿ ಎಚ್‌ಪಿವಿ 18ರ ಡಿಎನ್‌ಎ ಇರುವುದು 1980ರ ದಶಕದಲ್ಲಿ ತಿಳಿಯಿತು. ಆ ಕೋಶಗಳಿಗೆ ಇ2 ಪ್ರೋಟೀನನ್ನು ಮರಳಿ ಸೇರಿಸಿ ಇ6, ಇ7ಗಳ ಬಾಯಿ ಕಟ್ಟಿದಾಗ, ದಶಕಗಳಿಂದ ನಿಲ್ಲದೆ ಬೆಳೆದ ಕೋಶಗಳು ಬೆಳವಣಿಗೆ ನಿಲ್ಲಿಸಿ ಮುಪ್ಪಿಗೆ ಜಾರಿದವು. ಪಿ53 ಮತ್ತು ಆರ್‌ಬಿಗಳ ವಂಶವಾಹಿಗಳು ಅವುಗಳಲ್ಲಿ ಕೆಟ್ಟಿರಲಿಲ್ಲ, ಅವುಗಳಿಂದ ತಯಾರಾದ ಪ್ರೋಟೀನುಗಳನ್ನು ಮಾತ್ರ ಅಡಗಿಸಲಾಗಿತ್ತು.

ತಂಬಾಕಿನ ಗಡ್ಡೆಗೂ ವೈರಾಣುವಿನ ಗಡ್ಡೆಗೂ ಇರುವ ಅಂತರ

ತಂಬಾಕಿನ ಹೊಗೆಯಲ್ಲಿರುವ ರಾಸಾಯನಿಕಗಳು ಡಿಎನ್‌ಎಯನ್ನೇ ಘಾಸಿಗೊಳಿಸುತ್ತವೆ. ಅಂಥ ಗಡ್ಡೆಗಳಲ್ಲಿ ಪಿ53ನ ವಂಶವಾಹಿ ಶಾಶ್ವತವಾಗಿ ಕೆಟ್ಟಿರುತ್ತದೆ, ಪಿ16ನ ವಂಶವಾಹಿ ಅನೇಕ ವೇಳೆ ಅಳಿಸಿಯೇ ಹೋಗಿರುತ್ತದೆ. ತಲೆ ಮತ್ತು ಕುತ್ತಿಗೆಯ 279 ಗಡ್ಡೆಗಳ ವಂಶವಾಹಿಗಳನ್ನು ಪೂರ್ಣವಾಗಿ ಓದಿ 2015ರಲ್ಲಿ ಅಮೆರಿಕದ ಕ್ಯಾನ್ಸರ್ ಜಿನೋಮ್ ಅಟ್ಲಾಸ್ ಯೋಜನೆ ಪ್ರಕಟಿಸಿದ ವರದಿಯು ಇದನ್ನು ಖಚಿತಪಡಿಸಿತು. ಎಚ್‌ಪಿವಿ ಇಲ್ಲದ, ಧೂಮಪಾನಕ್ಕೆ ಸಂಬಂಧಿಸಿದ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಪಿ53ನ ವಂಶವಾಹಿ ಕೆಟ್ಟಿತ್ತು. ಎಚ್‌ಪಿವಿ ಇದ್ದವುಗಳಲ್ಲಿ ಅದು ಬಹುತೇಕ ಸುಸ್ಥಿತಿಯಲ್ಲಿತ್ತು, ಬದಲಿಗೆ ಪಿಐಕೆ3ಸಿಎ ಎಂಬ ವಂಶವಾಹಿಯ ಬದಲಾವಣೆಗಳೂ ಟ್ರಾಫ್3 ಎಂಬುದರ ನಷ್ಟವೂ ಕಂಡುಬಂದವು.

ಪಿ16 ವಿಷಯದಲ್ಲಿ ಚಿತ್ರ ತಲೆಕೆಳಗಾಗುತ್ತದೆ. ತಂಬಾಕಿನ ಗಡ್ಡೆಯಲ್ಲಿ ಪಿ16 ಸಾಮಾನ್ಯವಾಗಿ ಇಲ್ಲವಾಗಿರುತ್ತದೆ, ವೈರಾಣುವಿನ ಗಡ್ಡೆಯಲ್ಲಿ ತುಂಬಿ ತುಳುಕುತ್ತಿರುತ್ತದೆ. ಇ7 ಆರ್‌ಬಿಯನ್ನು ನಾಶಮಾಡಿದಾಗ ಕೋಶವು ಬ್ರೇಕನ್ನು ಮತ್ತೆ ಮತ್ತೆ ತುಳಿಯುವ ಚಾಲಕನಂತೆ ಪಿ16 ಅನ್ನು ತಯಾರಿಸುತ್ತಲೇ ಹೋಗುತ್ತದೆ. ಆದರೆ ಆ ಬ್ರೇಕು ಚಕ್ರವನ್ನು ಮುಟ್ಟುವುದು ಆರ್‌ಬಿಯ ಮೂಲಕ. ಆರ್‌ಬಿಯೇ ಇಲ್ಲದ ಮೇಲೆ ಎಷ್ಟು ತುಳಿದರೂ ವ್ಯರ್ಥ. ಕ್ಯಾನ್ಸರ್ ತಡೆಯಬೇಕಾದ ಪ್ರೋಟೀನು ಹೆಚ್ಚಾಗಿರುವುದೇ ಕ್ಯಾನ್ಸರ್‌ನ ಗುರುತಾದದ್ದು ಹೀಗೆ.

ಟಾನ್ಸಿಲ್‌ಗಳೇ ಏಕೆ ಗುರಿಯಾಗುತ್ತವೆ ಎಂಬುದಕ್ಕೆ ಅವುಗಳ ರಚನೆಯಲ್ಲಿ ಉತ್ತರವಿದೆ. ಟಾನ್ಸಿಲ್‌ನ ಮೇಲ್ಮೈ ನುಣುಪಾಗಿಲ್ಲ, ಅದರೊಳಕ್ಕೆ ಆಳವಾದ ಸಂದುಗಳು ಇಳಿದಿವೆ. ಬಾಯಿಗೆ ಬಂದ ರೋಗಾಣುಗಳನ್ನು ಹಿಡಿದು ರೋಗನಿರೋಧಕ ಕೋಶಗಳಿಗೆ ಪರಿಚಯಿಸುವುದು ಟಾನ್ಸಿಲ್‌ನ ಕೆಲಸವಾದ್ದರಿಂದ ಆ ಸಂದುಗಳ ಪೊರೆ ಬಲೆಯಂತೆ ಬಿಡಿಬಿಡಿಯಾಗಿದೆ. ಬೇರೆಡೆ ಗಾಯವಾದಾಗ ಮಾತ್ರ ವೈರಾಣುವಿಗೆ ಸಿಗುವ ತಳದ ಕೋಶಗಳು ಇಲ್ಲಿ ಸುಲಭವಾಗಿ ಸಿಗುತ್ತವೆ. ನಾಲಿಗೆಯ ಬುಡದಲ್ಲಿಯೂ ಇಂಥದೇ ಅಂಗಾಂಶವಿದೆ.

ಸಂಶೋಧನೆಯ ಹಾದಿ

ವೈರಾಣುಗಳಿಂದ ಗಡ್ಡೆ ಬರಬಹುದೆಂಬ ವಿಚಾರ ಹಳೆಯದು. 1911ರಲ್ಲಿ ಪೇಟನ್ ರೌಸ್ ಅವರು ಕೋಳಿಗಳಲ್ಲಿ ಅದನ್ನು ತೋರಿಸಿದರು. ಅದಕ್ಕೆ ನೊಬೆಲ್ ಪ್ರಶಸ್ತಿ ಬಂದದ್ದು 1966ರಲ್ಲಿ, 55 ವರ್ಷಗಳ ನಂತರ. 1933ರಲ್ಲಿ ರಿಚರ್ಡ್ ಶೋಪ್ ಅವರು ಕಾಡುಮೊಲಗಳ ಚರ್ಮದ ಗಂಟುಗಳಿಗೆ ಪ್ಯಾಪಿಲೋಮಾ ವೈರಾಣು ಕಾರಣವೆಂದು ಸಾಧಿಸಿದರು. ಗರ್ಭಕೊರಳಿನ ಕ್ಯಾನ್ಸರ್‌ಗೆ ಹರ್ಪಿಸ್ ವೈರಾಣು ಕಾರಣವೆಂದು ಬಹುಮಂದಿ ನಂಬಿದ್ದ 1970ರ ದಶಕದಲ್ಲಿ ಜರ್ಮನಿಯ ಹರಾಲ್ಡ್ ತ್ಸುರ್ ಹೌಸನ್ ಅವರು ಪ್ಯಾಪಿಲೋಮಾ ವೈರಾಣುವಿನತ್ತ ಬೆರಳು ತೋರಿಸಿದರು. ಅವರ ತಂಡವು ಗರ್ಭಕೊರಳಿನ ಗಡ್ಡೆಗಳಿಂದ 1983ರಲ್ಲಿ 16ನೆಯ ಬಗೆಯನ್ನೂ 1984ರಲ್ಲಿ 18ನೆಯ ಬಗೆಯನ್ನೂ ಹೊರತೆಗೆಯಿತು. 2008ರ ನೊಬೆಲ್ ಪ್ರಶಸ್ತಿಯಲ್ಲಿ ಅರ್ಧ ಪಾಲು ಅವರದಾಯಿತು.

ಬಾಯಿಯ ಕ್ಯಾನ್ಸರ್‌ನಲ್ಲಿಯೂ ಎಚ್‌ಪಿವಿಯ ಪಾತ್ರವಿರಬಹುದೆಂದು ಫಿನ್ಲೆಂಡಿನ ಸಂಶೋಧಕರು 1983ರಲ್ಲಿಯೇ ಸೂಚಿಸಿದ್ದರು. ಆದರೆ ಗಟ್ಟಿಯಾದ ಸಾಕ್ಷ್ಯ ದೊರೆತದ್ದು 2000ದಲ್ಲಿ. ಅಮೆರಿಕದ ಮೌರಾ ಗಿಲ್ಲಿಸನ್ ಮತ್ತು ಸಂಗಡಿಗರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ನ 253 ರೋಗಿಗಳನ್ನು ಪರೀಕ್ಷಿಸಿ, ಶೇ. 25ರಷ್ಟು ಮಂದಿಯ ಗಡ್ಡೆಗಳಲ್ಲಿ ಎಚ್‌ಪಿವಿಯನ್ನು ಕಂಡರು. ಅವುಗಳಲ್ಲಿ ಹೆಚ್ಚಿನವು ನಡುಗಂಟಲಿನವಾಗಿದ್ದವು ಮತ್ತು ಅವುಗಳಲ್ಲಿ ಪಿ53ನ ವಂಶವಾಹಿ ಕೆಟ್ಟಿರುವುದು ವಿರಳವಾಗಿತ್ತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರ ತನ್ನ ಗ್ರಂಥದಲ್ಲಿ ಎಚ್‌ಪಿವಿ 16 ನಡುಗಂಟಲಿನ ಕ್ಯಾನ್ಸರ್‌ಗೆ ಕಾರಣವೆಂಬುದಕ್ಕೆ ಸಾಕಷ್ಟು ಪುರಾವೆ ಇದೆಯೆಂದು ಒಪ್ಪಿತು. ಅಮೆರಿಕದಲ್ಲಿ 2015ರ ಹೊತ್ತಿಗೆ ಎಚ್‌ಪಿವಿ ಸಂಬಂಧಿತ ಕ್ಯಾನ್ಸರ್‌ಗಳಲ್ಲಿ ನಡುಗಂಟಲಿನದೇ ಮೊದಲ ಸ್ಥಾನಕ್ಕೆ ಬಂದಿತ್ತು. ಆ ವರ್ಷ ಅಲ್ಲಿ ದಾಖಲಾದ ನಡುಗಂಟಲಿನ ಕ್ಯಾನ್ಸರ್‌ಗಳು 18,917, ಗರ್ಭಕೊರಳಿನವು 11,788. ರೋಗಿಗಳಲ್ಲಿ ಗಂಡಸರೇ ಹೆಚ್ಚು.

ಲಕ್ಷಣ ಮತ್ತು ಪತ್ತೆ

ವೈರಾಣುವಿನ ಗಡ್ಡೆ ಟಾನ್ಸಿಲ್‌ನ ಸಂದಿನಲ್ಲಿ ಅಡಗಿ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿದ್ದಾಗಲೇ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡಬಹುದು. ಆದುದರಿಂದ ಅನೇಕರಲ್ಲಿ ಮೊದಲ ಲಕ್ಷಣ ಕುತ್ತಿಗೆಯ ಬದಿಯಲ್ಲಿ ನೋವಿಲ್ಲದ ಒಂದು ಗಂಟು. ಈ ಗಂಟಿನಲ್ಲಿ ದ್ರವ ತುಂಬಿರುವುದರಿಂದ ಅದನ್ನು ನಿರಪಾಯಕಾರಿ ನೀರುಗಂಟೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ನುಂಗುವಾಗ ನೋವು, ಒಂದೇ ಬದಿಯ ಕಿವಿನೋವು, ಒಂದು ಟಾನ್ಸಿಲ್ ಮಾತ್ರ ದೊಡ್ಡದಾಗಿರುವುದು ಇತರ ಲಕ್ಷಣಗಳು. ನಡುವಯಸ್ಸಿನವರಲ್ಲಿ ಎರಡು ಮೂರು ವಾರ ಕಳೆದರೂ ಇಳಿಯದ ಕುತ್ತಿಗೆಯ ಗಂಟನ್ನು, ಅವರು ಬೀಡಿ ಸಿಗರೇಟು ಮುಟ್ಟದವರಾಗಿದ್ದರೂ, ಕಿವಿ-ಮೂಗು-ಗಂಟಲಿನ ತಜ್ಞರಿಗೆ ತೋರಿಸಬೇಕು.

ಗಡ್ಡೆಯ ಚೂರನ್ನು ತೆಗೆದು ಬಣ್ಣಹಾಕಿ ಪಿ16 ಪ್ರಮಾಣವನ್ನು ನೋಡುವುದು ಸುಲಭ ಮತ್ತು ಅಗ್ಗದ ಪರೀಕ್ಷೆ. ಶೇ. 70 ಅಥವಾ ಹೆಚ್ಚು ಕೋಶಗಳಲ್ಲಿ ದಟ್ಟವಾಗಿ ಬಣ್ಣ ಹಿಡಿದರೆ ಪಿ16 ಇದೆಯೆಂದು ತೀರ್ಮಾನಿಸುತ್ತಾರೆ. ಆದರೆ ಪಿ16 ವೈರಾಣುವಿನ ನೆರಳೇ ಹೊರತು ವೈರಾಣುವಲ್ಲ. ಆರ್‌ಬಿ ಬೇರೆ ಕಾರಣದಿಂದ ಕೆಟ್ಟರೂ ಪಿ16 ಏರುತ್ತದೆ. 7,654 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 9ರಷ್ಟು ಮಂದಿಯಲ್ಲಿ ಪಿ16 ಪರೀಕ್ಷೆಯೂ ನೇರವಾದ ವೈರಾಣು ಪರೀಕ್ಷೆಯೂ ಒಂದಕ್ಕೊಂದು ಹೊಂದಲಿಲ್ಲ. ಎರಡೂ ಇದ್ದವರಲ್ಲಿ ಐದು ವರ್ಷ ಬದುಕುಳಿದವರು ಸುಮಾರು ಶೇ. 81, ಪಿ16 ಮಾತ್ರ ಇದ್ದವರಲ್ಲಿ ಶೇ. 55. ಎಚ್‌ಪಿವಿಯ ಪಾಲು ಕಡಿಮೆಯಿರುವ ಪ್ರದೇಶಗಳಲ್ಲಿ ಪಿ16 ಒಂದನ್ನೇ ನೆಚ್ಚಿದರೆ ರೋಗಿಗೆ ಹುಸಿ ಭರವಸೆ ಕೊಟ್ಟಂತಾಗುವ ಅಪಾಯ ಹೆಚ್ಚು. ಭಾರತಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಗರ್ಭಕೊರಳಿನಲ್ಲಿ ಕ್ಯಾನ್ಸರ್‌ಗೆ ಮುನ್ನಿನ ಹಂತವನ್ನು ಗುರುತಿಸಲು ಪ್ಯಾಪ್ ಪರೀಕ್ಷೆಯಿದೆ. ಗಂಟಲಿನಲ್ಲಿ ಅಂಥ ಮುನ್‌ಹಂತ ಕಣ್ಣಿಗೆ ಸಿಗುವುದಿಲ್ಲವಾದ್ದರಿಂದ ಅಂಥ ಪರೀಕ್ಷೆಯೂ ಇಲ್ಲ. ಯುರೋಪಿನ ದೇಶಗಳಲ್ಲಿ ಸಂಗ್ರಹಿಸಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದ 2013ರ ಅಧ್ಯಯನವೊಂದು ಇಲ್ಲಿ ಆಸೆ ಹುಟ್ಟಿಸಿತು. ಮುಂದೆ ನಡುಗಂಟಲಿನ ಕ್ಯಾನ್ಸರ್ ಬಂದವರಲ್ಲಿ ಶೇ. 35ರಷ್ಟು ಮಂದಿಯ ರಕ್ತದಲ್ಲಿ ರೋಗ ಪತ್ತೆಯಾಗುವ ಮೊದಲೇ, ಕೆಲವರಲ್ಲಿ ಹತ್ತು ವರ್ಷಕ್ಕೂ ಮೊದಲೇ, ಇ6 ಪ್ರೋಟೀನಿನ ವಿರುದ್ಧ ಪ್ರತಿಕಾಯಗಳಿದ್ದವು. ಕ್ಯಾನ್ಸರ್ ಬಾರದವರಲ್ಲಿ ಅವು ಇದ್ದದ್ದು ಶೇ. 0.6ರಷ್ಟು ಮಂದಿಯಲ್ಲಿ ಮಾತ್ರ. ಆದರೆ ಪ್ರತಿಕಾಯ ಕಂಡವರ ಗಂಟಲಿನಲ್ಲಿ ಏನನ್ನು ಹುಡುಕಬೇಕು, ಏನನ್ನು ತೆಗೆಯಬೇಕು ಎಂಬುದು ಇತ್ಯರ್ಥವಾಗಿಲ್ಲ.

ಚಿಕಿತ್ಸೆ ಮತ್ತು ಅದರ ಗೊಂದಲಗಳು

ವೈರಾಣುವಿನ ಗಡ್ಡೆ ವಿಕಿರಣಕ್ಕೂ ಔಷಧಿಗೂ ಚೆನ್ನಾಗಿ ಮಣಿಯುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೂರು ವರ್ಷ ಬದುಕುಳಿದವರ ಪ್ರಮಾಣ ಎಚ್‌ಪಿವಿ ಇದ್ದವರಲ್ಲಿ ಶೇ. 82.4, ಇಲ್ಲದವರಲ್ಲಿ ಶೇ. 57.1 ಆಗಿತ್ತು. ವಂಶವಾಹಿ ಕೆಡದೆ ಉಳಿದ ಪಿ53 ಚಿಕಿತ್ಸೆಯ ಹೊಡೆತಕ್ಕೆ ಮತ್ತೆ ಎಚ್ಚರಗೊಳ್ಳುವುದು ಇದಕ್ಕೆ ಕೊಡಲಾಗುವ ಒಂದು ವಿವರಣೆ. ವೈರಾಣುವಿನ ಪ್ರೋಟೀನುಗಳನ್ನು ರೋಗನಿರೋಧಕ ವ್ಯವಸ್ಥೆ ಪರಕೀಯವೆಂದು ಗುರುತಿಸುವುದು ಇನ್ನೊಂದು. ಅದೇ ಅಧ್ಯಯನ ತೋರಿಸಿದಂತೆ, ದಿನಕ್ಕೊಂದು ಪ್ಯಾಕಿನಂತೆ ಹತ್ತು ವರ್ಷಕ್ಕಿಂತ ಹೆಚ್ಚು ಸಿಗರೇಟು ಸೇದಿದವರಲ್ಲಿ ಈ ಅನುಕೂಲ ಕುಗ್ಗುತ್ತದೆ. 2017ರಲ್ಲಿ ಸಿದ್ಧವಾದ ಅಮೆರಿಕದ ಹಂತನಿರ್ಣಯ ಪದ್ಧತಿಯ ಎಂಟನೆಯ ಆವೃತ್ತಿಯು ಪಿ16 ಇರುವ ನಡುಗಂಟಲಿನ ಕ್ಯಾನ್ಸರ್‌ಗೆ ಪ್ರತ್ಯೇಕ ಕೋಷ್ಟಕವನ್ನು ಕೊಟ್ಟಿತು. ಹಿಂದೆ ಮೂರನೆಯ ಅಥವಾ ನಾಲ್ಕನೆಯ ಹಂತವೆಂದು ಬರೆಯಲಾಗುತ್ತಿದ್ದ ಹಲವರ ರೋಗ ಈಗ ಮೊದಲ ಹಂತದಲ್ಲಿ ಸೇರುತ್ತದೆ.

ಗುಣವಾಗುವ ರೋಗಕ್ಕೆ ಇಷ್ಟು ಕಠಿಣವಾದ ಚಿಕಿತ್ಸೆ ಬೇಕೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಗಂಟಲಿಗೆ ವಿಕಿರಣ ಕೊಟ್ಟರೆ ಜೊಲ್ಲು ಬತ್ತುತ್ತದೆ, ನುಂಗುವುದು ಕಷ್ಟವಾಗುತ್ತದೆ. ಸಿಸ್‌ಪ್ಲಾಟಿನ್ ಔಷಧಿ ಕಿವಿಯನ್ನೂ ಮೂತ್ರಪಿಂಡವನ್ನೂ ಬಾಧಿಸುತ್ತದೆ. ನಡುವಯಸ್ಸಿನಲ್ಲಿ ಗುಣಹೊಂದಿದವರು ಈ ತೊಂದರೆಗಳೊಂದಿಗೆ ಮೂವತ್ತು ವರ್ಷ ಬದುಕಬೇಕಾಗಬಹುದು. ಸಿಸ್‌ಪ್ಲಾಟಿನ್ ಬದಲು ಸೌಮ್ಯವೆಂದು ತಿಳಿಯಲಾದ ಸೆಟುಕ್ಸಿಮ್ಯಾಬ್ ಕೊಟ್ಟು ನೋಡಿದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2018ರ ಕೊನೆಯಲ್ಲಿ ಹೊರಬಂದಿತು. ಎರಡರಲ್ಲಿಯೂ ನಿರೀಕ್ಷೆ ಹುಸಿಯಾಯಿತು. ಅಮೆರಿಕ ಮತ್ತು ಕೆನಡಾದ ಪರೀಕ್ಷೆಯಲ್ಲಿ ಐದು ವರ್ಷ ಬದುಕುಳಿದವರು ಸಿಸ್‌ಪ್ಲಾಟಿನ್ ಗುಂಪಿನಲ್ಲಿ ಶೇ. 84.6, ಸೆಟುಕ್ಸಿಮ್ಯಾಬ್ ಗುಂಪಿನಲ್ಲಿ ಶೇ. 77.9. ಯುರೋಪಿನ ಪರೀಕ್ಷೆಯಲ್ಲಿ ಎರಡು ವರ್ಷದ ಲೆಕ್ಕ ಶೇ. 97.5 ಮತ್ತು ಶೇ. 89.4. ಒಟ್ಟು ಅಡ್ಡಪರಿಣಾಮಗಳೂ ಕಡಿಮೆಯಾಗಲಿಲ್ಲ. ಊಹೆ ಎಷ್ಟೇ ತರ್ಕಬದ್ಧವಾಗಿದ್ದರೂ ಪರೀಕ್ಷಿಸದೆ ಚಿಕಿತ್ಸೆಯನ್ನು ಬದಲಿಸಿದ್ದರೆ ಗುಣವಾಗಬಹುದಾಗಿದ್ದ ಎಷ್ಟೋ ಮಂದಿ ಪ್ರಾಣ ಕಳೆದುಕೊಳ್ಳುತ್ತಿದ್ದರು. ವಿಕಿರಣದ ಪ್ರಮಾಣವನ್ನು ತಗ್ಗಿಸುವ ಮತ್ತು ಬಾಯಿಯ ಮೂಲಕ ಯಂತ್ರದ ನೆರವಿನಿಂದ ಗಡ್ಡೆ ತೆಗೆಯುವ ವಿಧಾನಗಳ ಪರೀಕ್ಷೆಗಳು ಮುಂದುವರಿದಿವೆ. ಗಡ್ಡೆಯಿಂದ ರಕ್ತಕ್ಕೆ ಸೋರುವ ವೈರಾಣುವಿನ ಡಿಎನ್‌ಎಯನ್ನು ಅಳೆದು ರೋಗ ಮರುಕಳಿಸುವುದನ್ನು ಬೇಗ ಗುರುತಿಸುವ ಕ್ರಮವೂ ಬಳಕೆಗೆ ಬರುತ್ತಿದೆ.

ಎಪ್‌ಸ್ಟೈನ್–ಬಾರ್ ವೈರಸ್

ಮೂಗಿನ ಹಿಂದಿನ ಗಂಟಲಿನ ಕ್ಯಾನ್ಸರ್‌ನದು ಬೇರೆ ಕಥೆ. 1964ರಲ್ಲಿ ಆಂಥೊನಿ ಎಪ್‌ಸ್ಟೈನ್, ಇವೋನ್ ಬಾರ್ ಮತ್ತು ಬರ್ಟ್ ಅಚಾಂಗ್ ಅವರು ಆಫ್ರಿಕದ ಮಕ್ಕಳ ಗಡ್ಡೆಯೊಂದರಲ್ಲಿ ಕಂಡ ಈ ವೈರಾಣು ಪ್ರಪಂಚದ ಬಹುತೇಕ ವಯಸ್ಕರ ದೇಹದಲ್ಲಿ ತಣ್ಣಗೆ ಕುಳಿತಿದೆ. ಆದರೆ ಅದರಿಂದ ನಾಸಾಗಂಟಲಿನ ಕ್ಯಾನ್ಸರ್ ಹೆಚ್ಚಾಗಿ ಬರುವುದು ದಕ್ಷಿಣ ಚೀನಾ, ಆಗ್ನೇಯ ಏಷ್ಯಾ ಮತ್ತು ಭಾರತದ ನಾಗಾಲ್ಯಾಂಡಿನಂತಹ ಈಶಾನ್ಯ ರಾಜ್ಯಗಳಲ್ಲಿ. ಅನುವಂಶೀಯತೆ ಮತ್ತು ಉಪ್ಪುಹಾಕಿದ ಮೀನಿನಂತಹ ಆಹಾರಗಳೂ ಇದರಲ್ಲಿ ಪಾತ್ರ ವಹಿಸುತ್ತವೆ. ಈ ವೈರಾಣುವಿನ ಎಲ್‌ಎಂಪಿ1 ಎಂಬ ಪ್ರೋಟೀನು ಕೋಶದ ಹೊರಪೊರೆಯಲ್ಲಿ ನಿಂತು, ಬೆಳೆಯಬೇಕೆಂಬ ಸಂಕೇತವನ್ನು ಯಾರೂ ಕಳಿಸದಿದ್ದರೂ ಒಳಕ್ಕೆ ರವಾನಿಸುತ್ತಲೇ ಇರುತ್ತದೆ. ಎಚ್‌ಪಿವಿ ಬ್ರೇಕನ್ನು ಕೀಳುತ್ತದೆ, ಇದು ವೇಗವರ್ಧಕವನ್ನು ಒತ್ತುತ್ತದೆ. ಹಾಂಗ್‌ಕಾಂಗ್‌ನಲ್ಲಿ ಲಕ್ಷಣಗಳಿಲ್ಲದ 20,174 ಗಂಡಸರ ರಕ್ತದಲ್ಲಿ ಈ ವೈರಾಣುವಿನ ಡಿಎನ್‌ಎ ಹುಡುಕಿ 34 ಮಂದಿಯ ಕ್ಯಾನ್ಸರನ್ನು, ಹೆಚ್ಚಾಗಿ ಆರಂಭದ ಹಂತದಲ್ಲಿಯೇ, ಪತ್ತೆಹಚ್ಚಿದ ವರದಿ 2017ರಲ್ಲಿ ಪ್ರಕಟವಾಯಿತು.

ಭಾರತದ ಪರಿಸ್ಥಿತಿ

ಭಾರತದಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಳ ಹೊರೆ ಬಹಳ ದೊಡ್ಡದು. ಆದರೆ ಅದರ ಹೆಚ್ಚಿನ ಪಾಲು ತಂಬಾಕು, ಗುಟ್ಕಾ, ಎಲೆಅಡಿಕೆ, ಬೀಡಿ ಮತ್ತು ಮದ್ಯದಿಂದ ಬರುವಂಥದು. ಕೆನ್ನೆಯ ಒಳಭಾಗದ ಕ್ಯಾನ್ಸರ್ ಇಲ್ಲಿ ವಿಶೇಷವಾಗಿ ಕಾಣುತ್ತದೆ. ನಡುಗಂಟಲಿನ ಕ್ಯಾನ್ಸರ್‌ಗಳಲ್ಲಿ ಎಚ್‌ಪಿವಿಯ ಪಾಲು ಅಮೆರಿಕ, ಉತ್ತರ ಯುರೋಪುಗಳಿಗಿಂತ ಕಡಿಮೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭವಾದಾಗ ಮುಂಬಯಿ ಮತ್ತು ಚೆನ್ನೈಗಳೊಡನೆ ಬೆಂಗಳೂರು ಮೊದಲ ಮೂರು ಜನಸಂಖ್ಯಾಧಾರಿತ ಕೇಂದ್ರಗಳಲ್ಲಿ ಒಂದಾಗಿತ್ತು. ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ 1982ರಿಂದ ಈ ದಾಖಲಾತಿ ನಡೆದುಬಂದಿದೆ. ಪಾಶ್ಚಾತ್ಯ ದೇಶಗಳ ಅಂಕಿಅಂಶಗಳನ್ನು ಹಾಗೆಯೇ ಇಲ್ಲಿಗೆ ಹೊಂದಿಸಿ, ಗಂಟಲ ಕ್ಯಾನ್ಸರೆಂದರೆ ಈಗ ವೈರಾಣುವಿನ ರೋಗವೆಂದು ಹೇಳುವುದು ಸರಿಯಲ್ಲ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಡಿಕೆಯೂ ಸ್ವತಃ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಸಂಸ್ಥೆ ವರ್ಗೀಕರಿಸಿರುವುದು ಅಡಿಕೆ ಬೆಳೆಯುವ ನಾಡಿನಲ್ಲಿ ಹಿತವಾದ ಸುದ್ದಿಯಲ್ಲವಾದರೂ ಉಲ್ಲೇಖಿಸಲೇಬೇಕಾದ ಸಂಗತಿ.

ಲಸಿಕೆ

ಎಲ್1 ಪ್ರೋಟೀನುಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿದರೆ ಅವು ತಾವಾಗಿಯೇ ಕೂಡಿಕೊಂಡು ವೈರಾಣುವಿನ ಖಾಲಿ ಕವಚವನ್ನು ರಚಿಸುತ್ತವೆ. ಆಸ್ಟ್ರೇಲಿಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಜೌ ಅವರು 1991ರಲ್ಲಿ ಇಂಥ ಕವಚಗಳನ್ನು ರೂಪಿಸಿದ್ದು ಲಸಿಕೆಗೆ ಬುನಾದಿಯಾಯಿತು. ಒಳಗೆ ಡಿಎನ್‌ಎ ಇಲ್ಲದಿರುವುದರಿಂದ ಇ6 ಆಗಲಿ ಇ7 ಆಗಲಿ ತಯಾರಾಗುವ ಪ್ರಶ್ನೆಯೇ ಇಲ್ಲ. ಲಸಿಕೆಯಿಂದಲೇ ಕ್ಯಾನ್ಸರ್ ಬರಬಹುದೆಂಬ ಭಯಕ್ಕೆ ಇದೇ ಉತ್ತರ. ಮೊದಲ ಲಸಿಕೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆಸ್ಟ್ರೇಲಿಯ 2007ರಲ್ಲಿ ಹುಡುಗಿಯರಿಗೂ 2013ರಲ್ಲಿ ಹುಡುಗರಿಗೂ ಇದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಆರಂಭಿಸಿತು. ಕೋಸ್ಟರಿಕದಲ್ಲಿ ಸುಮಾರು 5,800 ಯುವತಿಯರ ಮೇಲೆ ನಡೆದ ಪರೀಕ್ಷೆಯಲ್ಲಿ, ಲಸಿಕೆ ಪಡೆದು ನಾಲ್ಕು ವರ್ಷಗಳಾದ ಮೇಲೆ ಬಾಯಿಯಲ್ಲಿ 16 ಅಥವಾ 18ನೆಯ ಬಗೆ ಕಂಡದ್ದು ಒಬ್ಬರಲ್ಲಿ ಮಾತ್ರ. ಲಸಿಕೆ ಪಡೆಯದ ಗುಂಪಿನಲ್ಲಿ 15 ಮಂದಿಯಲ್ಲಿ ಕಂಡಿತ್ತು. ಒಂಬತ್ತು ಬಗೆಗಳ ವಿರುದ್ಧದ ಲಸಿಕೆಯನ್ನು ಗಂಟಲಿನ ಕ್ಯಾನ್ಸರ್ ತಡೆಗೂ ಬಳಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಆಗಲೇ ತಗಲಿರುವ ಸೋಂಕನ್ನು ಲಸಿಕೆ ನಿವಾರಿಸುವುದಿಲ್ಲ. ಆದ್ದರಿಂದ ಅದನ್ನು ಹದಿಹರೆಯದ ಆರಂಭದಲ್ಲಿ, 9ರಿಂದ 14ರ ವಯಸ್ಸಿನಲ್ಲಿ ಕೊಡುವುದು ವಾಡಿಕೆ.

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಭಾರತದ ಔಷಧ ಮಹಾನಿಯಂತ್ರಕರ ಅನುಮತಿ ದೊರೆಯಿತು. ಅದು 6, 11, 16 ಮತ್ತು 18ನೆಯ ಬಗೆಗಳನ್ನು ತಡೆಯುತ್ತದೆ. ಲಸಿಕೆಯ ಹೆಸರಿನಲ್ಲೂ ಪ್ರಚಾರದಲ್ಲೂ ಗರ್ಭಕೊರಳಿನ ಕ್ಯಾನ್ಸರೇ ಮುಂದಿರುವುದರಿಂದ ಇದು ಹೆಣ್ಣುಮಕ್ಕಳಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ಬೇರೂರಿದೆ. ಆದರೆ ಇ6 ಮತ್ತು ಇ7 ಗಂಡುಮಕ್ಕಳ ಟಾನ್ಸಿಲ್‌ನ ಕೋಶದಲ್ಲಿಯೂ ಇದೇ ರೀತಿಯಲ್ಲಿ ಕೆಲಸ ಮಾಡುತ್ತವೆ.